ಪ್ರವಾಸದಲ್ಲಿ ಕೂಸಿನೊಂದಿಗೆ ಹೋಟೆಲ್ ಊಟ: ಯಾವ ಕೆಲಸ ಮೊದಲು, ಯಾವುದು ಕೊನೆಗೆ

ಪ್ರವಾಸದಲ್ಲಿ ಕೂಸನ್ನು ಹೋಟೆಲಿಗೆ ಕರೆದೊಯ್ದವರು ಹೇಳುವ ಕಥೆ ಹೆಚ್ಚುಕಡಿಮೆ ಒಂದೇ. ಎಲ್ಲರಿಗೂ ಹಸಿವಾದ ಮೇಲೆ ಹೋಟೆಲ್ ಹುಡುಕಿದರು, ಒಳಗೆ ಹೋದ ಕೂಡಲೇ ಮಗುವನ್ನು ಹೈಚೇರಿನಲ್ಲಿ ಕೂರಿಸಿದರು, ಆಮೇಲೆ ಮೆನು ತೆರೆದರು. ಊಟ ಬರುವಷ್ಟರಲ್ಲಿ ಮಗು ರಚ್ಚೆ ಹಿಡಿದಿತ್ತು. ಒಬ್ಬರು ಅದನ್ನೆತ್ತಿಕೊಂಡು ಹೊರಗೆ ನಿಂತರು, ಇನ್ನೊಬ್ಬರು ಗಬಗಬ ತಿಂದು ಎದ್ದರು, ಕೊನೆಗೆ ಮೊದಲನೆಯವರು ಆರಿದ ತಟ್ಟೆಯ ಮುಂದೆ ಒಬ್ಬರೇ ಕೂತರು. ಮೂರನೇ ದಿನದ ಹೊತ್ತಿಗೆ ‘ಹೋಟೆಲಿನ ಸಹವಾಸವೇ ಬೇಡ’ ಎಂಬ ತೀರ್ಮಾನ.

ಎಡವಟ್ಟಾಗುವುದು ಕೆಲಸಗಳ ಕ್ರಮದಲ್ಲಿ. ಎಳೆಮಗು ಕಟ್ಟಿದ ಬೆಲ್ಟಿನೊಳಗೆ ಸಮಾಧಾನವಾಗಿ ಕೂರುವುದು ಇಪ್ಪತ್ತು ನಿಮಿಷ, ಬಹಳ ಹೆಚ್ಚೆಂದರೆ ಅರ್ಧ ಗಂಟೆ. ಅಷ್ಟನ್ನೂ ಅಡುಗೆ ಬರುವುದನ್ನು ಕಾಯುವುದರಲ್ಲೇ ಕಳೆದುಬಿಟ್ಟರೆ ಊಟಕ್ಕೆ ಏನು ಉಳಿಯುತ್ತದೆ? ಮುಂದಿನ ಹಂತಗಳೆಲ್ಲ ಆ ಅರ್ಧ ಗಂಟೆಯನ್ನು ಊಟಕ್ಕೆಂದೇ ಉಳಿಸಿಕೊಳ್ಳುವ ಉಪಾಯಗಳು. ಆರು ತಿಂಗಳಿಂದ ಒಂದೂವರೆ ವರ್ಷದವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಆರು ತಿಂಗಳು ತುಂಬದ ಕೂಸಿಗೆ ಹಾಲು ಬಿಟ್ಟು ಬೇರೇನೂ ಬೇಡ. ಅಂಥವರು ಹೈಚೇರಿನ ಮಾತು ಬಿಟ್ಟು ಉಳಿದದ್ದನ್ನು ಓದಿದರೆ ಸಾಕು.

ಹಂತ 1: ನಿದ್ದೆ ನೋಡಿ ಊಟದ ಹೊತ್ತು ಗೊತ್ತುಮಾಡಿ

ದೊಡ್ಡವರ ಹಸಿವು ನೋಡಿ ಹೊತ್ತು ನಿಗದಿ ಮಾಡಬೇಡಿ. ಮಗು ಹಗಲು ನಿದ್ದೆಯಿಂದ ಎದ್ದು ಅರ್ಧ–ಮುಕ್ಕಾಲು ಗಂಟೆಯ ಹೊತ್ತಿಗೆ ಹೋಟೆಲಿನಲ್ಲಿರುವಂತೆ ನೋಡಿಕೊಳ್ಳಿ. ಆರರಿಂದ ಒಂಬತ್ತು ತಿಂಗಳ ಮಗು ಒಂದು ನಿದ್ದೆಗೂ ಇನ್ನೊಂದಕ್ಕೂ ನಡುವೆ ಸಾಮಾನ್ಯವಾಗಿ ಎರಡು–ಮೂರು ಗಂಟೆ ಎಚ್ಚರವಾಗಿರುತ್ತದೆ. ಅದರ ಮೊದಲ ಅರ್ಧದಲ್ಲಿ ಊಟ ಮುಗಿಯಬೇಕು. ಎರಡನೇ ಅರ್ಧಕ್ಕೆ ಬಿದ್ದರೆ ನೀವು ಹಸಿವಿನ ಜೊತೆಗೆ ನಿದ್ದೆಯನ್ನೂ ಸಂಭಾಳಿಸಬೇಕಾಗುತ್ತದೆ.

ಇನ್ನೊಂದು ಮಾತು: ಹೋಟೆಲು ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲೇ ಹೋಗಿ. ಜನ ಕಡಿಮೆ, ಅಡುಗೆಮನೆಗೂ ಒತ್ತಡವಿಲ್ಲ, ಬೇಕಾದ ಮೇಜು ಸಿಗುತ್ತದೆ. ದಿನಕ್ಕೆ ಒಂದು ಹೊತ್ತು ಮಾತ್ರ ಕೂತು ಉಣ್ಣುವ ಹೋಟೆಲ್ ಇಟ್ಟುಕೊಳ್ಳಿ, ಉಳಿದ ಹೊತ್ತು ರೂಮಿನಲ್ಲೋ ನೆರಳಿನ ಬೆಂಚಿನ ಮೇಲೋ ಆಗಲಿ. ಮೂರೂ ಹೊತ್ತು ಹೊರಗೆ ಕೂತು ಉಂಡೇವು ಎಂಬ ಹಟವನ್ನು ಯಾವ ಮಗುವೂ ತಡೆದುಕೊಳ್ಳುವುದಿಲ್ಲ.

ಗಡಿಯಾರ ಬದಲಾಗುವ ದೂರದ ದೇಶಕ್ಕೆ ಹೋಗಿದ್ದರೆ ಮೊದಲ ಎರಡು ದಿನ ಹೋಟೆಲ್ ಊಟವನ್ನೇ ಕೈಬಿಡಿ. ಅಲ್ಲಿ ಸಂಜೆ ಏಳು ಆಗಿರಬಹುದು, ಕೂಸಿನ ಮೈಗೆ ಅದು ನಡುರಾತ್ರಿ.

ಹಂತ 2: ಊಟದ ಚೀಲವನ್ನು ಬೇರೆಯೇ ಕಟ್ಟಿ

ಡೈಪರ್ ಚೀಲದ ತಳದಲ್ಲಿ ಚಮಚ ಹುಡುಕುವ ಪರಿಸ್ಥಿತಿ ಬರಬಾರದು. ಒಂದು ಸಣ್ಣ ಚೀಲ ಊಟಕ್ಕೆಂದೇ ಇರಲಿ. ಅದರಲ್ಲಿ ಇರಬೇಕಾದದ್ದು ಇಷ್ಟು: ಎರಡು ಮೆತ್ತನೆಯ ಚಮಚ (ಒಂದು ಖಂಡಿತ ನೆಲಕ್ಕೆ ಬೀಳುತ್ತದೆ), ತೊಳೆಯಲು ಬರುವ ಬಿಬ್ಬು, ಮುಚ್ಚಳದ ಲೋಟ, ಒದ್ದೆ ವೈಪ್ಸ್, ಊಟ ಕತ್ತರಿಸಲು ಚಿಕ್ಕ ಕತ್ತರಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮಗುವಿಗೆ ಈಗಾಗಲೇ ರೂಢಿಯಿರುವ ಒಂದು ತಿನಿಸು, ಕೊಳಕು ಬಟ್ಟೆಗೆ ಒಂದು ಕವರು, ಮಗುವಿಗೆ ಒಂದು ಜೊತೆ ಬಟ್ಟೆ, ಎತ್ತಿಕೊಳ್ಳುವವರಿಗೂ ಒಂದು ಅಂಗಿ. ದೊಡ್ಡವರ ಅಂಗಿಯನ್ನು ಎಲ್ಲರೂ ಮರೆಯುತ್ತಾರೆ.

ಕತ್ತರಿ ಯಾಕೆ ಎಂದು ಕೇಳಬಹುದು. ಹೋಟೆಲಿನ ಚಾಕು ತಟ್ಟೆಯ ಮೇಲೆ ಜಾರುತ್ತದೆ. ಕತ್ತರಿಯಾದರೆ ಬಟ್ಟಲಿನೊಳಗೇ ಚೂರು ಮಾಡಬಹುದು. ವಿಮಾನದಲ್ಲಿ ಹೋಗುವಾಗ ಅದನ್ನು ಕೈಚೀಲದಲ್ಲಿಡದೆ ದೊಡ್ಡ ಲಗೇಜಿಗೆ ಹಾಕಿ.

ಹಾಲಿನ ವಿಷಯದಲ್ಲಿ ಸಡಿಲ ಬಿಡುವಂತಿಲ್ಲ. ಹಿಂಡಿಟ್ಟ ಎದೆಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ 4 ಗಂಟೆ ಇರುತ್ತದೆ. ಐಸ್‌ ಪ್ಯಾಕ್ ಹಾಕಿದ ಕೂಲರ್ ಚೀಲದಲ್ಲಿ 24 ಗಂಟೆ. ಫಾರ್ಮುಲಾ ಹಾಲನ್ನು ಬೆಳಿಗ್ಗೆಯೇ ಕಲಸಿ ಬಾಟಲಿಗೆ ತುಂಬಿ ದಿನವಿಡೀ ಹೊತ್ತು ತಿರುಗುವುದು ಪ್ರವಾಸದಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು. ಪುಡಿಯನ್ನು ಅಳೆದು ಒಣ ಡಬ್ಬಿಯಲ್ಲಿಟ್ಟುಕೊಳ್ಳಿ, ಆಗಷ್ಟೇ ಕುದಿಸಿದ ನೀರನ್ನು ಒಳ್ಳೆಯ ಫ್ಲಾಸ್ಕಿನಲ್ಲಿ ಒಯ್ಯಿರಿ, ಬೇಕಾದಾಗ ಅಲ್ಲೇ ಕಲಸಿ. ಹಾಲಿನ ಪುಡಿ ಕ್ರಿಮಿರಹಿತವಲ್ಲ. ಅದರೊಳಗಿರಬಹುದಾದ ರೋಗಾಣು ಸಾಯಬೇಕಾದರೆ ಕಲಸುವ ನೀರು ಕನಿಷ್ಠ 70 ಡಿಗ್ರಿ ಬಿಸಿ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಲಸಿದ ಮೇಲೆ ಬಾಟಲಿಯನ್ನು ತಣ್ಣೀರಿನ ಲೋಟದಲ್ಲಿಟ್ಟು ಆರಿಸಿ, ಮಣಿಕಟ್ಟಿನ ಒಳಭಾಗಕ್ಕೆ ಎರಡು ಹನಿ ಬಿಟ್ಟು ನೋಡಿ, ಆಮೇಲೆ ಕೊಡಿ. ಕಲಸಿದ ಹಾಲು 2 ಗಂಟೆಯೊಳಗೆ ಖರ್ಚಾಗಬೇಕು. ಮಗು ಒಮ್ಮೆ ಬಾಯಿ ಇಟ್ಟಿತೆಂದರೆ ಒಂದೇ ಗಂಟೆ. ಉಳಿದದ್ದನ್ನು ಚೆಲ್ಲಿಬಿಡಿ.

ಹಾಲಿನ ಬಾಟಲಿಯನ್ನು ಹೋಟೆಲಿನವರ ಕೈಗೆ ಕೊಟ್ಟು ‘ಸ್ವಲ್ಪ ಬೆಚ್ಚಗೆ ಮಾಡಿಕೊಡಿ’ ಅಂದರೆ ಅವರು ಮೈಕ್ರೋವೇವಿಗೆ ಇಡುವ ಸಾಧ್ಯತೆಯೇ ಹೆಚ್ಚು. ಮೈಕ್ರೋವೇವಿನಲ್ಲಿ ಹಾಲು ಸಮನಾಗಿ ಕಾಯುವುದಿಲ್ಲ. ಬಾಟಲಿ ಮುಟ್ಟಿದರೆ ಉಗುರುಬೆಚ್ಚಗೆ, ಒಳಗೆ ಒಂದು ಕಡೆ ನಾಲಗೆ ಸುಡುವಷ್ಟು ಬಿಸಿ. ಒಂದು ಪಾತ್ರೆಯಲ್ಲಿ ಬಿಸಿನೀರು ಕೇಳಿ, ಬಾಟಲಿಯನ್ನು ನೀವೇ ಅದರಲ್ಲಿಡಿ.

ಹಂತ 3: ಹೋಟೆಲಿಗೆ ಮೊದಲೇ ಫೋನ್ ಮಾಡಿ

ಎರಡೇ ನಿಮಿಷದ ಕೆಲಸ, ಆದರೂ ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ. ಕೇಳಬೇಕಾದದ್ದು ನಾಲ್ಕು: ಬೆಲ್ಟ್ ಇರುವ ಹೈಚೇರ್ ಇದೆಯೇ? ಡೈಪರ್ ಬದಲಿಸಲು ಜಾಗವಿದೆಯೇ? ಸ್ಟ್ರಾಲರ್ ಒಳಗೆ ತರಬಹುದೇ, ಮೆಟ್ಟಿಲು ಎಷ್ಟಿವೆ? ಆರ್ಡರ್ ಕೊಟ್ಟ ಮೇಲೆ ಊಟ ಬರಲು ಎಷ್ಟು ಹೊತ್ತು?

ನಾಲ್ಕನೆಯದೇ ಮುಖ್ಯ. ಹದಿನೈದು–ಇಪ್ಪತ್ತು ನಿಮಿಷ ಎಂದರೆ ಹೋಗಿ. ‘ನಮ್ಮಲ್ಲಿ ಎಲ್ಲವನ್ನೂ ಆರ್ಡರ್ ಬಂದ ಮೇಲೇ ಮಾಡುತ್ತೇವೆ, ಮುಕ್ಕಾಲು ಗಂಟೆ ಬೇಕು’ ಎಂದರೆ ಅದು ಒಳ್ಳೆಯ ಹೋಟೆಲೇ ಇರಬಹುದು, ಈ ಪ್ರವಾಸಕ್ಕೆ ಬೇಡ. ತುಸು ಗದ್ದಲವಿರುವ ಜಾಗ ಪಿಸುಮಾತಿನ ಜಾಗಕ್ಕಿಂತ ವಾಸಿ. ಮಗುವಿನ ದನಿ ಅದರಲ್ಲಿ ಕರಗಿಹೋಗುತ್ತದೆ, ನಿಮ್ಮ ಎದೆಬಡಿತವೂ ಇಳಿಯುತ್ತದೆ.

ಅದೇ ಹೊತ್ತಿಗೆ ಆ ಊರಿನ ಆ್ಯಂಬುಲೆನ್ಸ್ ನಂಬರನ್ನೂ ಫೋನಿನಲ್ಲಿ ಉಳಿಸಿಕೊಳ್ಳಿ. ಪರಊರಲ್ಲಿ, ಪರದೇಶದಲ್ಲಿ ಅದು ಬೇರೆಯೇ ಇರಬಹುದು.

ಹಂತ 4: ಹೊರಡುವ ಮುಂಚೆ ಅರ್ಧ ಹೊಟ್ಟೆ ತುಂಬಿಸಿ

‘ಅಲ್ಲಿ ಹೋಗಿ ಚೆನ್ನಾಗಿ ತಿನ್ನಲಿ’ ಎಂದು ಮಗುವನ್ನು ಹಸಿದುಕೊಂಡು ಕರೆದೊಯ್ಯುವುದು ತಪ್ಪು ಲೆಕ್ಕ. ಹಸಿದ ಮಗುವಿಗೆ ಕಾಯಲು ಬರುವುದಿಲ್ಲ. ಹೊರಡುವ ಅರ್ಧ ಗಂಟೆ ಮುಂಚೆ ಹಾಲು ಅಥವಾ ರೂಢಿಯ ಊಟದ ಅರ್ಧ ಪಾಲು ರೂಮಿನಲ್ಲೇ ಆಗಿರಲಿ. ಆಗ ಹೋಟೆಲಿನಲ್ಲಿ ಮಗು ತಿಂದರೆ ಸಂತೋಷ, ತಿನ್ನದಿದ್ದರೂ ಗಾಬರಿಯಿಲ್ಲ. ಡೈಪರನ್ನೂ ಹೊರಡುವ ಮುನ್ನವೇ ಬದಲಿಸಿಬಿಡಿ.

ಹಂತ 5: ಮೇಜು ಆರಿಸಿ, ಆಮೇಲೆ ಮೇಜನ್ನು ಬೋಳು ಮಾಡಿ

ಗೋಡೆ ಬದಿಯ ಅಥವಾ ಮೂಲೆಯ ಮೇಜು ಕೇಳಿ. ಮಗುವಿನ ಕುರ್ಚಿ ಬಡಿಸುವವರ ಓಡಾಟದ ದಾರಿಯಲ್ಲಿರಬಾರದು. ಬಿಸಿ ಪಾತ್ರೆ ಮಗುವಿನ ತಲೆಯ ಮೇಲಿಂದ ಹಾದುಹೋಗಬಾರದು. ಬಡಿಸುವವರಿಗೆ ಒಂದು ಮಾತು ಹೇಳಿಬಿಡಿ: ‘ಬಿಸಿಯದನ್ನೆಲ್ಲ ಈ ಕಡೆಯಿಂದಲೇ ಇಡಿ.’

ಕೂತ ಕೂಡಲೇ ಮಗುವಿನ ಕೈ ಎಟುಕುವ ಜಾಗದಿಂದ ಎಲ್ಲವನ್ನೂ ದೂರ ಸರಿಸಿ: ಚಾಕು, ಫೋರ್ಕು, ಹಲ್ಲುಕಡ್ಡಿ, ಉಪ್ಪಿನ ಡಬ್ಬಿ, ಗಾಜಿನ ಲೋಟ. ಮೇಜಿನ ಮೇಲೆ ಬಟ್ಟೆ ಹಾಸಿದ್ದರೆ ಅದರ ಇಳಿಬಿದ್ದ ಅಂಚನ್ನು ಮಡಚಿ ಒಳಕ್ಕೆ ಸೇರಿಸಿ, ಇಲ್ಲವೇ ತೆಗೆಸಿಬಿಡಿ. ಒಂದು ಎಳೆತಕ್ಕೆ ಬಿಸಿ ಸೂಪು ಮಗುವಿನ ಮೈಮೇಲೆ. ಚಹಾ, ಕಾಫಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಾಡಿ ಹದಿನೈದು ನಿಮಿಷ ಕಳೆದ ಮೇಲೂ ಅದು ಎಳೆಯ ಚರ್ಮವನ್ನು ಸುಡಬಲ್ಲದು. ಮಗು ಮಡಿಲಲ್ಲಿರುವಾಗ ಬಿಸಿಯದನ್ನು ಕುಡಿಯಲೇಬೇಡಿ.

ಒಂದು ವಸ್ತುವನ್ನು ವಿಶೇಷವಾಗಿ ಹೇಳಬೇಕು, ಏಕೆಂದರೆ ಯಾರೂ ಅದನ್ನು ಅಪಾಯ ಎಂದುಕೊಳ್ಳುವುದಿಲ್ಲ. ಈಗ ಹಲವು ಹೋಟೆಲುಗಳಲ್ಲಿ ಮೇಜಿನ ಮೇಲೆ ಪುಟ್ಟ ಎಲ್‌ಇಡಿ ಮೇಣದಬತ್ತಿ ಇಟ್ಟಿರುತ್ತಾರೆ. ಅದರೊಳಗೆ ಹೆಚ್ಚಾಗಿ ಗುಂಡಿಯಾಕಾರದ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ತೀವ್ರ ಸುಟ್ಟಗಾಯವಾಗಬಹುದು. ಮಿನುಗುತ್ತದೆ, ಮಗು ಸುಮ್ಮನಾಗುತ್ತದೆ ಎಂದು ಆಟಕ್ಕೆ ಕೊಡಬೇಡಿ. ಪಕ್ಕದ ಮೇಜಿಗೆ ಕಳಿಸಿಬಿಡಿ. ನುಂಗಿದೆ ಎಂಬ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ.

ಹಂತ 6: ಮೊದಲು ಆರ್ಡರ್, ಕೊನೆಗೆ ಹೈಚೇರ್

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ನೆನಪಿಡುತ್ತೇನೆ ಎನ್ನುವವರು ಇದನ್ನು ನೆನಪಿಡಿ.

ಒಬ್ಬರು ಮಾತ್ರ ಮೇಜಿಗೆ ಹೋಗಿ ಕೂರಲಿ. ಮೆನುವನ್ನು ರೂಮಿನಲ್ಲೇ ಫೋನಿನಲ್ಲಿ ನೋಡಿಕೊಂಡಿದ್ದರೆ ಇನ್ನೂ ಸಲೀಸು. ಕೂತ ಕೂಡಲೇ ಆರ್ಡರ್ ಕೊಡಬಹುದು. ಎಲ್ಲವನ್ನೂ ಒಟ್ಟಿಗೇ ಹೇಳಿ, ಕೊನೆಯ ಸಿಹಿಯನ್ನೂ ಸೇರಿಸಿ. ‘ಮೊದಲು ಇದು ತನ್ನಿ, ಆಮೇಲೆ ನೋಡೋಣ’ ಎಂಬ ಸಾವಕಾಶದ ಊಟ ಕೂಸು ದೊಡ್ಡದಾದ ಮೇಲೆ.

ಇನ್ನೊಬ್ಬರು ಅಷ್ಟರಲ್ಲಿ ಮಗುವನ್ನೆತ್ತಿಕೊಂಡು ಹೊರಗೆ ಓಡಾಡಲಿ. ಮರ, ನಾಯಿ, ಹಾದುಹೋಗುವ ಗಾಡಿ, ಏನಾದರೂ ತೋರಿಸಲಿ. ಊಟ ಮೇಜಿಗೆ ಬಂದ ಮೇಲೆ ಫೋನಿಗೆ ಒಂದು ಮಿಸ್ಡ್ ಕಾಲ್. ಆಗ ಒಳಗೆ ಬಂದು, ಮಗುವಿನ ಕೈ ತೊಳೆದು, ಹೈಚೇರಿನಲ್ಲಿ ಕೂರಿಸಿ. ಕೂತ ಮರುನಿಮಿಷವೇ ಮುಂದೆ ತಿನ್ನುವುದಕ್ಕೆ ಏನಾದರೂ ಇರಬೇಕು.

ಮೊದಲ ಸಲ ಹೀಗೆ ಮಾಡುವವರಿಗೆ ಮುಜುಗರವಾಗುತ್ತದೆ: ಒಬ್ಬರು ಒಳಗೆ, ಒಬ್ಬರು ಹೊರಗೆ, ಇದೆಂಥ ಒಟ್ಟಿಗಿನ ಊಟ ಎಂದು. ಆ ಹದಿನೈದು ನಿಮಿಷ ಬೇರೆಬೇರೆ ನಿಂತರೆ ಮುಂದಿನ ಅರ್ಧ ಗಂಟೆ ಒಂದೇ ಮೇಜಿನಲ್ಲಿ ಕೂತು ಉಣ್ಣಬಹುದು. ನಮ್ಮ ಮಗಳು ಹತ್ತು ತಿಂಗಳವಳಿದ್ದಾಗ ಇದೊಂದನ್ನು ಬದಲಿಸಿದ ದಿನವೇ, ಪ್ರವಾಸದಲ್ಲಿ ಮೊದಲ ಬಾರಿಗೆ, ನಾವಿಬ್ಬರೂ ಬಿಸಿ ಊಟ ಮಾಡಿದೆವು.

ಒಬ್ಬರೇ ಮಗುವಿನೊಂದಿಗೆ ಹೋಗಿದ್ದರೆ? ಹೋಟೆಲಿಗೆ ಹೊರಡುವಾಗಲೇ ಫೋನಿನಲ್ಲಿ ಆರ್ಡರ್ ಹೇಳಿ, ‘ಇಪ್ಪತ್ತು ನಿಮಿಷಕ್ಕೆ ಬಂದು ಕೂರುತ್ತೇನೆ’ ಎನ್ನಿ. ಬಹಳ ಕಡೆ ಒಪ್ಪುತ್ತಾರೆ. ಬಿಲ್ಲನ್ನೂ ಊಟ ಬಂದಾಗಲೇ ಕೊಟ್ಟುಬಿಡಿ. ಮಗು ಎದ್ದೇಳುತ್ತೇನೆ ಎಂದ ಕ್ಷಣ ನೀವೂ ಎದ್ದು ಹೋಗುವಂತಿರಬೇಕು.

ಹಂತ 7: ಕೂರಿಸುವ ಮುಂಚೆ ಕುರ್ಚಿ ಪರೀಕ್ಷಿಸಿ

ಕುರ್ಚಿಯನ್ನು ಒಮ್ಮೆ ಅಲುಗಾಡಿಸಿ ನೋಡಿ. ಚಕ್ರವಿದ್ದರೆ ಲಾಕ್ ಮಾಡಿ. ಸೊಂಟದ ಬೆಲ್ಟಿನ ಜೊತೆ ಕಾಲುಗಳ ನಡುವಿನ ಪಟ್ಟಿಯೂ ಇರಬೇಕು. ಅದಿಲ್ಲದಿದ್ದರೆ ಮಗು ಕೆಳಕ್ಕೆ ಜಾರಿ ಕುತ್ತಿಗೆ ಸಿಕ್ಕಿಕೊಳ್ಳಬಹುದು. ತಟ್ಟೆ ಮತ್ತು ಬೆಲ್ಟನ್ನು ವೈಪ್ಸಿನಿಂದ ಒರೆಸಿ. ಮಗು ಕಾಲಿನಿಂದ ಮೇಜನ್ನು ಒದ್ದು ಕುರ್ಚಿಯನ್ನು ಹಿಂದಕ್ಕೆ ಉರುಳಿಸುವಷ್ಟು ಹತ್ತಿರ ಇಡಬೇಡಿ.

ಬೆಲ್ಟ್ ಹರಿದಿದ್ದರೆ ಆ ಕುರ್ಚಿ ಬೇಡವೇ ಬೇಡ, ಸ್ಟ್ರಾಲರಿನಲ್ಲೇ ತಿನ್ನಿಸಿ. ಮೇಜಿಗೆ ಸಿಕ್ಕಿಸುವ ಮಡಚುವ ಸೀಟು ತಂದಿದ್ದರೆ ಗಾಜಿನ ಮೇಜಿಗೆ, ಒಂಟಿ ಕಾಲಿನ ಮೇಜಿಗೆ, ಬಟ್ಟೆ ಹಾಸಿದ ಮೇಜಿಗೆ ಸಿಕ್ಕಿಸಬಾರದು. ಇನ್ನು ಕಾರಿನ ಬೇಬಿ ಸೀಟನ್ನು ಎತ್ತಿ ತಂದು ಮೇಜಿನ ಮೇಲಿಡುವುದು, ಹೈಚೇರನ್ನು ತಲೆಕೆಳಗು ಮಾಡಿ ಅದರ ಮೇಲೆ ಕೂರಿಸುವುದು ಕೆಲವೆಡೆ ರೂಢಿಯೇ ಆಗಿಬಿಟ್ಟಿದೆ. ಯಾರಾದರೂ ತಗುಲಿದರೆ ಸೀಟು ಮಗುವಿನ ಸಮೇತ ನೆಲಕ್ಕೆ ಬೀಳುತ್ತದೆ. ಅದರ ಜಾಗ ನೆಲದ ಮೇಲೆ, ನಿಮ್ಮ ಕಾಲಬುಡದಲ್ಲಿ, ಗೋಡೆಯ ಕಡೆಗೆ.

ಹಂತ 8: ತಟ್ಟೆಯಲ್ಲಿ ಏನಿರಲಿ

ಪ್ರವಾಸ ಹೊಸ ರುಚಿ ಪರೀಕ್ಷೆಯ ಹೊತ್ತಲ್ಲ. ಮೊಟ್ಟೆ, ಕಡಲೆಕಾಯಿ, ಮೀನು, ಎಳ್ಳು, ಗೋಧಿ, ಹಾಲಿನ ಪದಾರ್ಥ, ಇವುಗಳಲ್ಲಿ ಯಾವುದನ್ನು ಮಗು ಮನೆಯಲ್ಲಿ ತಿಂದು ಅರಗಿಸಿಕೊಂಡಿಲ್ಲವೋ ಅದನ್ನು ಹೋಟೆಲಿನಲ್ಲಿ ಮೊದಲ ಬಾರಿ ಕೊಡಬೇಡಿ. ಅಲರ್ಜಿ ಸಾಮಾನ್ಯವಾಗಿ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ತೋರುತ್ತದೆ. ಆ ಹೊತ್ತಿಗೆ ನೀವು ಎಲ್ಲೋ ದಾರಿಯಲ್ಲಿರುತ್ತೀರಿ. ಬಾಯಿಯ ಸುತ್ತ ದದ್ದು, ತುಟಿ ಅಥವಾ ಕಣ್ಣು ಊದುವುದು, ಇದ್ದಕ್ಕಿದ್ದಂತೆ ವಾಂತಿ ಇವು ಮೊದಲ ಸೂಚನೆಗಳು. ಉಸಿರಾಟದಲ್ಲಿ ಸೀಟಿಯಂಥ ಸದ್ದು, ಮೈ ಸಡಿಲವಾಗುವುದು ಕಂಡರೆ ಕೂಡಲೇ ಆ್ಯಂಬುಲೆನ್ಸ್ ಕರೆಯಿರಿ.

ಒಂದು ವರ್ಷದೊಳಗಿನ ಮಗುವಿಗೆ ದಿನಕ್ಕೆ 1 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು. ಹೋಟೆಲಿನ ಸಾರು, ಸೂಪು, ಸಾಸುಗಳಲ್ಲಿ ಅದು ಎಲ್ಲಿಂದೆಲ್ಲಿಗೋ ಮೀರಿಹೋಗುತ್ತದೆ. ಆದ್ದರಿಂದ ‘ಖಾರ ಕಡಿಮೆ ಹಾಕಿ’ ಎನ್ನುವುದು ಸಾಲದು. ‘ಉಪ್ಪು, ಸಾಸು ಏನೂ ಹಾಕದೆ ಬೇಯಿಸಿದ ತರಕಾರಿ, ಬರಿ ಅನ್ನ’ ಎಂದು ಬಿಡಿಸಿ ಹೇಳಿ. ಬಾಳೆಹಣ್ಣು ಎಲ್ಲೆಡೆ ಸಿಗುತ್ತದೆ, ಸಿಪ್ಪೆಯೊಳಗೆ ಶುಚಿಯಾಗಿಯೂ ಇರುತ್ತದೆ. ಒಂದು ವರ್ಷದೊಳಗೆ ಜೇನುತುಪ್ಪ ಕೂಡದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಗಳು ಕೂಸಿನ ಕರುಳಿನಲ್ಲಿ ಬೆಳೆದು ಬಾಟ್ಯುಲಿಸಂ ಎಂಬ ಸ್ನಾಯುಗಳನ್ನು ಸೋಲಿಸುವ ಕಾಯಿಲೆ ತರಬಲ್ಲವು. ಸಿಹಿ ತಿನಿಸು, ಸಾಸುಗಳಲ್ಲಿಯೂ ಜೇನು ಇರಬಹುದು, ಕೇಳಿ ನೋಡಿ. ಹಸಿ ತರಕಾರಿ, ಹಸಿ ಮೊಳಕೆ, ಅರೆಬೆಂದ ಮೊಟ್ಟೆ, ಐಸು ದೂರವಿರಲಿ.

ತುಂಡಿನ ಹದ ನೋಡಲು ಸುಲಭದ ದಾರಿ: ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ನುಣ್ಣಗೆ ಆಗಬೇಕು. ಆಗದಿದ್ದರೆ ಮಗುವಿನ ತಟ್ಟೆಗೆ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಇಡೀ ಗೋಡಂಬಿ, ಬಾದಾಮಿ, ಪಾಪ್‌ಕಾರ್ನ್, ಹಸಿ ಕ್ಯಾರೆಟ್, ಗಟ್ಟಿ ಮಿಠಾಯಿ ಕೊಡಲೇಬೇಡಿ. ಪಕ್ಕದ ಮೇಜಿನವರು ಪ್ರೀತಿಯಿಂದ ಏನಾದರೂ ಕೈಗಿಟ್ಟರೆ ನಗುತ್ತಲೇ ತೆಗೆದಿಟ್ಟುಬಿಡಿ.

ಹಂತ 9: ಗಂಟಲಲ್ಲಿ ಸಿಕ್ಕಿದರೆ

ಸದ್ದಿಗೆ ಕಿವಿ ಕೊಡಿ. ಮಗು ಓಕರಿಸುತ್ತಿದೆ, ಕೆಮ್ಮುತ್ತಿದೆ, ಮುಖ ಕೆಂಪಾಗಿದೆ ಎಂದರೆ ಗಾಳಿ ಓಡಾಡುತ್ತಿದೆ. ಪಕ್ಕದಲ್ಲೇ ಇದ್ದು ಕೆಮ್ಮಲು ಬಿಡಿ. ಸದ್ದು ನಿಂತುಹೋಗಿ, ಅಳಲೂ ಆಗದೆ, ತುಟಿ ನೀಲಿಗಟ್ಟುತ್ತಿದ್ದರೆ ಉಸಿರು ಕಟ್ಟಿದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಜನ ಕೆಮ್ಮುವ ಮಗುವಿನ ಬಾಯಿಗೆ ಬೆರಳು ತೂರಿಸಿ ತುತ್ತನ್ನು ಇನ್ನೂ ಒಳಕ್ಕೆ ತಳ್ಳುತ್ತಾರೆ.

ಉಸಿರು ಕಟ್ಟಿದ್ದರೆ, ಒಂದು ವರ್ಷದೊಳಗಿನ ಮಗುವಾದರೆ, ಈ ಕ್ರಮ:

1. ಒಬ್ಬರು ಆ್ಯಂಬುಲೆನ್ಸಿಗೆ ಫೋನ್ ಮಾಡಲಿ. ನೀವು ಮಗುವನ್ನು ಮುಂಗೈಯ ಉದ್ದಕ್ಕೂ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗಿರಲಿ, ದವಡೆಗೆ ಆಸರೆ ಕೊಡಿ. ನಿಮ್ಮ ಮುಂಗೈ ತೊಡೆಯ ಮೇಲಿರಲಿ.

2. ಅಂಗೈ ಬುಡದಿಂದ ಹೆಗಲ ಮೂಳೆಗಳ ನಡುವೆ 5 ಬಾರಿ ಗಟ್ಟಿಯಾಗಿ ತಟ್ಟಿ.

3. ಹೊರಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುವೆ, ಮೊಲೆತೊಟ್ಟುಗಳ ಗೆರೆಗಿಂತ ತುಸು ಕೆಳಗೆ 5 ಬಾರಿ ಒತ್ತಿ.

4. ತುತ್ತು ಹೊರಬರುವವರೆಗೆ ಎರಡನ್ನೂ ಬದಲಿಸುತ್ತಾ ಮಾಡಿ. ಬಾಯಲ್ಲಿ ಕಣ್ಣಿಗೆ ಕಂಡದ್ದನ್ನು ಮಾತ್ರ ತೆಗೆಯಿರಿ. ಮಗು ಪ್ರತಿಕ್ರಿಯೆ ನಿಲ್ಲಿಸಿದರೆ ಸಿಪಿಆರ್ (ಎದೆ ಒತ್ತುತ್ತಾ ಬಾಯಿಂದ ಉಸಿರು ಕೊಡುವುದು) ಶುರು ಮಾಡಬೇಕು.

ಈ ವಯಸ್ಸಿನ ಮಗುವಿನ ಹೊಟ್ಟೆ ಒತ್ತಬಾರದು, ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ಓದಿ ಕಲಿಯುವುದಕ್ಕಿಂತ ಪ್ರವಾಸಕ್ಕೆ ಮುಂಚೆ ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಗೊಂಬೆಯ ಮೇಲೆ ಮಾಡಿ ನೋಡುವುದು ಸಾವಿರ ಪಾಲು ಮೇಲು. ಮಗುವಿನೊಂದಿಗೆ ಊಟಕ್ಕೆ ಕೂರುವ ಹಿರಿಯರನ್ನೂ ಕರೆದೊಯ್ಯಿರಿ.

ಹಂತ 10: ಅಳು ಶುರುವಾಗುವ ಮುಂಚೆ ಏಳಿ

ಅಳುವಿಗೆ ಮುಂಚೆ ಸೂಚನೆಗಳಿರುತ್ತವೆ: ಕಣ್ಣು ಉಜ್ಜುವುದು, ಬೆನ್ನು ಹಿಂದಕ್ಕೆ ಬಾಗಿಸುವುದು, ತಿನಿಸನ್ನು ಒಂದೊಂದಾಗಿ ಕೆಳಗೆ ಬಿಡುವುದು, ತುತ್ತು ಬಂದಾಗ ಮುಖ ತಿರುಗಿಸುವುದು. ಕೊನೆಯೆರಡು ಕಂಡರೆ ‘ಇನ್ನೊಂದೇ ಒಂದು ತುತ್ತು’ ಎಂದು ಹಿಂದೆ ಬೀಳಬೇಡಿ, ಅದರ ಊಟ ಮುಗಿದಿದೆ. ಮೊದಲೇ ಮಾತಾಡಿಕೊಂಡಿರಿ: ಇವತ್ತು ಎತ್ತಿಕೊಂಡು ಹೊರಗೆ ಹೋಗುವವರು ಯಾರು ಎಂದು. ಆಗ ಮೇಜಿನ ಮುಂದೆ ‘ನೀನು ಹೋಗು, ನೀವು ಹೋಗಿ’ ನಡೆಯುವುದಿಲ್ಲ.

ಹೊರಡುವಾಗ ಕೆಳಗೆ ಬಿದ್ದ ದೊಡ್ಡ ಚೂರುಗಳನ್ನು ವೈಪ್ಸಿನಲ್ಲಿ ಬಾಚಿ ಕವರಿಗೆ ಹಾಕಿ, ಬಡಿಸಿದವರಿಗೆ ಒಂದು ಥ್ಯಾಂಕ್ಸ್ ಹೇಳಿ. ಮಗು ಚಮಚ ಅದ್ದಿದ ಊಟವನ್ನು ಕಟ್ಟಿಸಿಕೊಳ್ಳಬೇಡಿ. ಮುಟ್ಟದ್ದನ್ನು ಕಟ್ಟಿಸಿದರೂ 2 ಗಂಟೆಯೊಳಗೆ, ಹೊರಗೆ 32 ಡಿಗ್ರಿ ಮೀರಿದ ಸೆಕೆಯಿದ್ದರೆ 1 ಗಂಟೆಯೊಳಗೆ, ಫ್ರಿಜ್ ಸೇರಬೇಕು.

ಹಂತ 11: ರೂಮಿಗೆ ಮರಳಿದ ಮೇಲೆ

ಮುಂದಿನ ಒಂದೆರಡು ದಿನ ಒದ್ದೆ ಡೈಪರುಗಳನ್ನು ಎಣಿಸುತ್ತಿರಿ. ವಾಂತಿ ಭೇದಿ ಶುರುವಾಗಿ, ಡೈಪರ್ ಒದ್ದೆಯಾಗುವುದು ಕಡಿಮೆಯಾದರೆ, ಅಳುವಾಗ ಕಣ್ಣೀರು ಬರದಿದ್ದರೆ, ಬಾಯಿ ಒಣಗಿದ್ದರೆ, ನೆತ್ತಿ ಗುಳಿಬಿದ್ದಿದ್ದರೆ ಮೈಯಲ್ಲಿ ನೀರು ಇಳಿದಿದೆ. ಬೆಳಗಾಗಲಿ ಎಂದು ಕಾಯದೆ ವೈದ್ಯರಲ್ಲಿಗೆ ಹೋಗಿ. ಮಲದಲ್ಲಿ ರಕ್ತ ಕಂಡರೂ ಅಷ್ಟೇ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಮುಟ್ಟಿದರೆ ಬೇರೇನೂ ಲಕ್ಷಣ ಇಲ್ಲದಿದ್ದರೂ ತಡ ಮಾಡುವಂತಿಲ್ಲ. ಎದೆಹಾಲು ನಿಲ್ಲಿಸಬೇಡಿ, ಫಾರ್ಮುಲಾಕ್ಕೆ ಹೆಚ್ಚು ನೀರು ಬೆರೆಸಬೇಡಿ.

ಎಲ್ಲ ಸರಿಯಿದ್ದರೆ ಮಲಗುವ ಮುನ್ನ ಚಮಚ, ಬಿಬ್ಬು, ಲೋಟ ತೊಳೆದು ಒಣಗಲು ಹಾಕಿ. ಇವತ್ತು ಮಗು ಎಷ್ಟು ನಿಮಿಷ ಕೂತಿತು, ಯಾವುದನ್ನು ತಿಂದಿತು ಎಂದು ಫೋನಿನಲ್ಲಿ ಎರಡು ಸಾಲು ಬರೆದಿಡಿ. ನಾಳೆ ಹೊರಗೆ ಕಾಯಬೇಕಾದವರು ಯಾರು ಎಂಬುದನ್ನೂ ಅದರ ಕೆಳಗೇ ಬರೆಯಿರಿ.